‘ಕುಟುಂಬ’ ಅಂದ್ರೆ ಯಾರೆಲ್ಲ ಬರ್ತಾರೆ?

ಎರಡು ವರ್ಷದಿಂದ ಎಳೆದಾಡ್ತಾ ಇದ್ದ ಒಂದು ಕೆಲಸ ಕಳೆದ ವಾರ ಒಂದು ಹಂತಕ್ಕೆ ಬಂತು, ಅದರ ಬಗ್ಗೆ ಬರೆಯದೆ ನಿದ್ದೆ ಬರುದಿಲ್ಲ ಅಂತ ಕೂತಿದ್ದೇನೆ. ಕೆಲಸ ಎಂತ ಅಂದ್ರೆ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಉತ್ತರದ ಕಡೆ ಇರುವ ಒಂದು ಸಣ್ಣ ಫಸ್ಟ್ ನೇಶನ್, ಅಂದ್ರೆ ಇಲ್ಲಿಯ ಮೂಲನಿವಾಸಿಗಳ ಒಂದು ಸಮುದಾಯ, ತಮ್ಮ ಆಡಳಿತ ತಾವೇ ನಡೆಸುವ ದಾರಿಯಲ್ಲಿದ್ದಾರೆ, ಅವರ ಕೌನ್ಸಿಲಿನವರು ಹೇಗೆ ನಡ್ಕೊಳ್ಬೇಕು, ಎಲ್ಲಿ ಕೈ ಹಾಕ್ಬಾರ್ದು, ತಪ್ಪು ಮಾಡಿದ್ರೆ ಕೇಳುವವರು ಯಾರು ಅಂತ ಒಂದು ನೀತಿಸಂಹಿತೆ ಬರೆಯುದು. ಬರೆಯುದು ಅವರೇ. ನಾನು ಲೆಕ್ಕಪತ್ರದ ಜನ, ಹಣಕಾಸಿನ ಕಲಮುಗಳನ್ನು ನೋಡಿಕೊಡ್ಲಿಕ್ಕೆ ಕರೆದದ್ದು. ಆ ನೇಶನಿನ ಹೆಸರು ಹೇಳುದಿಲ್ಲ, ಅದು ಅವರ ಮನೆ ವಿಷಯ, ನಾನು ಹೇಳುವ ಹಕ್ಕಿರುದು ನನ್ನ ತಪ್ಪಿನ ಬಗ್ಗೆ ಮಾತ್ರ.

ತಪ್ಪು ಮೊದಲ ಮೀಟಿಂಗಿನಲ್ಲೇ ಆಯ್ತು. ಈ ಥರದ ಕೆಲಸಕ್ಕೆ ನಾವು ಲೆಕ್ಕದವರು ಮಾಡುದು ಒಂದೇ, ಎಲ್ಲಿಂದಲೋ ಒಂದು ಟೆಂಪ್ಲೇಟ್ ತರುದು. ನಾನೂ ಒಂದು ಸಣ್ಣ ಪಟ್ಟಣದ ಪಾಲಿಸಿಯನ್ನು ತಕೊಂಡು, ‘ಟೌನ್’ ಇದ್ದಲ್ಲಿ ‘ನೇಶನ್’ ಹಾಕಿ, ಪ್ರಿಂಟ್ ತೆಗೆದು ಎಲ್ಲರ ಎದುರು ಇಟ್ಟೆ. ಹಿತಾಸಕ್ತಿ ಸಂಘರ್ಷದ ಕಲಮಿನಲ್ಲಿ ಕುಟುಂಬ ಅಂದ್ರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಅಂತ ಇತ್ತು, ಇವರಿಗೆ ಲಾಭ ಆಗುವ ವಿಷಯ ಬಂದ್ರೆ ಕೌನ್ಸಿಲರ್ ಎದ್ದು ಹೊರಗೆ ಹೋಗ್ಬೇಕು. ಮೇಜಿನ ಆಚೆ ಕೂತಿದ್ದ ಒಬ್ಬರು ಹಿರಿಯ ಹೆಂಗಸು ಅದನ್ನು ಎರಡು ಸಲ ಓದಿದ್ರು. ಓದಿ, ನಿಧಾನಕ್ಕೆ ಕೇಳಿದ್ರು: ‘ಇದರಲ್ಲಿ ನನ್ನ ಅಮ್ಮನ ಅಣ್ಣ ಎಲ್ಲಿ?’

ನಂಗೆ ಒಂದು ಕ್ಷಣ ಮುಖ ಎತ್ಲಿಕ್ಕೆ ಆಗ್ಲಿಲ್ಲ. ಯಾಕಂದ್ರೆ ಆ ಪ್ರಶ್ನೆ ಬೇರೆ ಯಾರಿಗೆ ಅರ್ಥ ಆಗದಿದ್ರೂ ನಂಗೆ ಅರ್ಥ ಆಗ್ಬೇಕಿತ್ತು. ನಾನು ಉಡುಪಿ ಕಡೆಯ ಜನ, ನನ್ನ ಅಜ್ಜಿ ಮನೆ ಅಳಿಯಸಂತಾನದ ಮನೆ. ನಮ್ಮಲ್ಲಿ ಕುಟುಂಬ ಅಂದ್ರೆ ತಾಯಿಯ ಕಡೆಯ ಬಳ್ಳಿ. ಅಪ್ಪ ಬೇರೆ ಬರಿಯವರು, ಅಂದ್ರೆ ಬೇರೆ ಕುಲದವರು, ನಾವು ಅಮ್ಮನ ಬರಿಯವರು, ತಮ್ಮಲೆ ಅಂದ್ರೆ ಅಮ್ಮನ ಅಣ್ಣತಮ್ಮ, ಯಜಮಾನಿಕೆ ಅವರಿಂದ ಅವರ ಅಕ್ಕತಂಗಿಯ ಮಕ್ಕಳಿಗೆ ಬರುದು. ಈ ನೇಶನಿನಲ್ಲೂ ಹಾಗೆಯೇ. ಹುಟ್ಟಿದ ಮಗು ಅಮ್ಮನ ‘ಮನೆ’ಗೆ, ಅಂದ್ರೆ ತಾಯಿಯ ಕಡೆಯ ಬಳ್ಳಿಗೆ ಸೇರ್ತದೆ, ದೊಡ್ಡ ಹೆಸರು, ಪಟ್ಟ, ಹೊಳೆಯ ಮೀನಿನ ಜಾಗದ ಹಕ್ಕು ಎಲ್ಲ ಮಾವನಿಂದ ಸೋದರಳಿಯನಿಗೆ ಹೋಗ್ತದೆ, ಒಂದೇ ಕುಲದೊಳಗೆ ಮದುವೆ ಇಲ್ಲ. ನನ್ನ ಟೆಂಪ್ಲೇಟ್ ಮಾಡಿದ್ದು ಎಂತ ಅಂದ್ರೆ, ಬೇರೆ ಮನೆಗೆ ಸೇರಿದ ಅಪ್ಪನನ್ನು ಒಳಗೆ ಹಾಕಿ, ಯಾರ ಹೆಸರು ಮುಂದೆ ತಾನು ಹೊರ್ಲಿಕ್ಕುಂಟೋ ಆ ಮಾವನನ್ನು ಹೊರಗೆ ಇಟ್ಟದ್ದು. ಚಿಕ್ಕಮ್ಮನ ಮಕ್ಕಳು ಅವರಿಗೆ ಅಣ್ಣತಮ್ಮ, ಅಕ್ಕತಂಗಿ, ನಮ್ಮಲ್ಲಿಯ ಹಾಗೆ. ಅವರೂ ಪಟ್ಟಿಯಲ್ಲಿ ಇಲ್ಲ. ಅಂದ್ರೆ ನಿಜವಾದ ಪಕ್ಷಪಾತ ಎಲ್ಲಿ ಆಗ್ತದೋ ಅಲ್ಲಿ ಬಾಗಿಲು ಪೂರ್ತಿ ತೆರೆದಿತ್ತು.

ಇದು ಬರೀ ಪದದ ಗಲಾಟೆ ಅಂತ ಅನ್ಸಿದ್ರೆ ಅಲ್ಲಿ ವಾಸದ ಮನೆ ಹಂಚುವ ವಿಷಯ ಕೇಳಿ. ಮೀಸಲು ಜಾಗದಲ್ಲಿ, ಅಂದ್ರೆ ಫಸ್ಟ್ ನೇಶನಿನವರಿಗೆ ಅಂತ ಬಿಟ್ಟ ಜಾಗದಲ್ಲಿ, ಹೆಚ್ಚಿನ ಮನೆಗಳು ಕೌನ್ಸಿಲಿನ ಕೈಯಲ್ಲಿರ್ತವೆ, ಕಾಯುವವರ ಪಟ್ಟಿ ಉದ್ದ ಇರ್ತದೆ, ವರ್ಷಕ್ಕೆ ಎರಡೋ ಮೂರೋ ಮನೆ ರೆಡಿ ಆದ್ರೆ ಅದೇ ದೊಡ್ಡದು. ಯಾರಿಗೆ ಕೊಡುದು ಅಂತ ತೀರ್ಮಾನ ಮಾಡುವ ಏಳು ಜನರೂ ಆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದಲ್ಲ ಒಂದು ಥರ ಸಂಬಂಧ. ಐನೂರು ಜನರ ಊರು, ಬೇರೆ ಹೇಗೆ ಇರ್ತದೆ. ಕಾಲೇಜಿಗೆ ಯಾರನ್ನು ಸ್ಪಾನ್ಸರ್ ಮಾಡುದು, ರೋಡಿನ ಹಿಮ ತೆಗೆಯುವ ಕಾಂಟ್ರಾಕ್ಟ್ ಯಾರಿಗೆ, ಬೇಸಿಗೆಯಲ್ಲಿ ಮೀನು ಎಣಿಸುವ ಕೆಲಸ ಯಾರ ಮಗನಿಗೆ, ಎಲ್ಲದರಲ್ಲೂ ಇದೇ ಪ್ರಶ್ನೆ. ಹಾಗಂತ ‘ಸಂಬಂಧ ಇದ್ದವರೆಲ್ಲ ಹೊರಗೆ ಹೋಗಿ’ ಅಂತ ಬರೆದ್ರೆ ಕೋರಂ ಇಲ್ಲದೆ ಖಾಲಿ ಕುರ್ಚಿಗಳು ಮಾತ್ರ ಉಳಿತವೆ. ಇದನ್ನು ನಾವು ಒಂದು ಸಂಜೆ ನಿಜವಾಗಿ ಲೆಕ್ಕ ಹಾಕಿ ನೋಡಿದೆವು, ಮನೆಗೆ ಅರ್ಜಿ ಹಾಕಿದ ಎಲ್ಲರ ಹೆಸರು ಬೋರ್ಡಿನಲ್ಲಿ ಬರೆದು ಯಾರು ಯಾರಿಗೆ ಏಳ್ಬೇಕು ಅಂತ ಗೆರೆ ಎಳೆದೆವು, ಎಂಟನೇ ಹೆಸರಿಗೆ ಬರುವಾಗ ಕೂತ್ಕೊಳ್ಳುವವರು ಒಬ್ಬರೂ ಉಳಿದಿರ್ಲಿಲ್ಲ.

ಹೀಗೆ ಹೊರಗಿನ ಅಳತೆಪಟ್ಟಿ ತಂದು ಇಡುದು ನಾನು ಶುರು ಮಾಡಿದ್ದಲ್ಲ. 1876ರ ಇಂಡಿಯನ್ ಆಕ್ಟ್ (ಇಲ್ಲಿ ಇಂಡಿಯನ್ ಅಂದ್ರೆ ಮೂಲನಿವಾಸಿಗಳು, ನಾವಲ್ಲ) ಇವರ ತಲೆ ಮೇಲೆ ಚುನಾಯಿತ ಬ್ಯಾಂಡ್ ಕೌನ್ಸಿಲ್ ಅಂತ ಒಂದು ವ್ಯವಸ್ಥೆ ಕೂರಿಸಿತು, ಅದರ ಮೇಲೆ ಸರಕಾರದ ಇಂಡಿಯನ್ ಏಜೆಂಟ್, ಅವನ ಮೇಲೆ ರಾಜಧಾನಿ ಒಟ್ಟಾವದ ಮಂತ್ರಿ. ಊರಿನವರು ತಮ್ಮ ಮುಖಂಡನನ್ನು ಕೇಳುವ ದಾರಿಗಳು ಮೊದಲೇ ಇದ್ದವು, ಮನೆಗಳು, ಕುಲಗಳು, ಔತಣಕೂಟ, ಹಿರಿಯ ಹೆಂಗಸರು, ಅದನ್ನೆಲ್ಲ ಬದಿಗೆ ತಳ್ಳಿ ಲೆಕ್ಕ ಮೇಲಕ್ಕೆ ಒಪ್ಪಿಸುದು ಅಂತ ಆಯ್ತು. ನೂರಾರು ವರ್ಷ ಹಿಂದಿನ ಕತೆ ಅಂತ ಬಿಡುವ ಹಾಗೂ ಇಲ್ಲ. 2002ರಲ್ಲಿ ಕೆನಡಾದ ಆಡಿಟರ್ ಜನರಲ್ ವರದಿಯಲ್ಲೇ ಬಂತು, ಒಂದೊಂದು ಫಸ್ಟ್ ನೇಶನ್ ವರ್ಷಕ್ಕೆ ಕಮ್ಮಿ ಅಂದ್ರೂ 168 ರಿಪೋರ್ಟುಗಳನ್ನು ನಾಲ್ಕು ಕೇಂದ್ರ ಇಲಾಖೆಗಳಿಗೆ ಕಳಿಸ್ಬೇಕಿತ್ತು ಅಂತ, ಅದರಲ್ಲಿ ಎಷ್ಟೋ ಊರುಗಳಲ್ಲಿ 500 ಜನ ಕೂಡ ಇಲ್ಲ. 168! ವಾರಕ್ಕೆ ಮೂರು. ಅಷ್ಟು ಬರೆಯುವ ಆಫೀಸಿಗೆ ತನ್ನ ಊರಿನ ಅಜ್ಜಿಗೆ ಉತ್ತರ ಕೊಡ್ಲಿಕ್ಕೆ ಟೈಮ್ ಎಲ್ಲಿಂದ ಬರ್ಬೇಕು.

ಆಮೇಲೆ 2013ರಲ್ಲಿ ಫಸ್ಟ್ ನೇಶನ್ಸ್ ಫೈನಾನ್ಶಿಯಲ್ ಟ್ರಾನ್ಸ್‌ಪರೆನ್ಸಿ ಆಕ್ಟ್ ಬಂತು. ಚೀಫ್ ಮತ್ತು ಕೌನ್ಸಿಲರುಗಳ ಸಂಬಳ, ಆಡಿಟ್ ಆದ ಲೆಕ್ಕ ಎಲ್ಲ ಇಂಟರ್ನೆಟ್ಟಿಗೆ ಹಾಕ್ಬೇಕು, ಇಲ್ಲದಿದ್ರೆ ದುಡ್ಡು ತಡೆಹಿಡಿತೇವೆ ಅಂತ. 2015ರ ಡಿಸೆಂಬರಿನಲ್ಲಿ ಹೊಸ ಸರಕಾರ ಅದನ್ನು ಜಾರಿ ಮಾಡುದು ನಿಲ್ಲಿಸಿತು. ಇದರಲ್ಲಿ ನಂಗೆ ಎರಡೂ ಕಡೆಯವರ ಮಾತು ಕೇಳಿ ಗೊತ್ತು. ತಮ್ಮದೇ ಕೌನ್ಸಿಲ್ ಲೆಕ್ಕ ತೋರಿಸದೆ ಸತಾಯಿಸುವಾಗ ಊರಿನ ಸಾಮಾನ್ಯ ಸದಸ್ಯರಿಗೆ ಆ ವೆಬ್‌ಸೈಟ್ ಒಂದೇ ಆಸರೆ ಆಗಿತ್ತು, ಅದನ್ನು ಸುಳ್ಳು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಲೆಕ್ಕ ಕೇಳುವವನು ದೂರದ ಮಂತ್ರಿ, ಶಿಕ್ಷೆ ಅನುಭವಿಸುವವರು ಊರಿನವರು, ಯಾಕಂದ್ರೆ ದುಡ್ಡು ನಿಂತರೆ ನಿಲ್ಲುದು ಅವರ ಸೌಲಭ್ಯ, ಇದು ಹೇಗೆ ಸರಿ ಆಗ್ತದೆ. ಲೆಕ್ಕ ತೋರಿಸ್ಬೇಕಾದ್ದು ಊರಿಗೆ, ಊರೇ ಮಾಡಿದ ಕಾನೂನಿನಲ್ಲಿ ಅಂತ ನನ್ನ ಅಭಿಪ್ರಾಯ.

ಊರೇ ಕಾನೂನು ಮಾಡುದು ಅಂದ್ರೆ ಹೇಗಿರ್ತದೆ ಅಂತ ನೋಡ್ಲಿಕ್ಕೆ ಇಲ್ಲಿ ಎಲ್ಲರೂ ಮೊದಲು ನೋಡುದು ನಾಸ್ ಹೊಳೆಯ ಕಣಿವೆಯ ನಿಸ್ಗಾ ಜನರನ್ನು. 1887ರಲ್ಲಿ ಅವರ ಮುಖಂಡರು ದೋಣಿಯಲ್ಲಿ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ನಮ್ಮ ಜಾಗದ ವಿಷಯ ಮಾತಾಡಿ ಅಂತ ಕೇಳಿ ಬರಿಗೈಯಲ್ಲಿ ವಾಪಸ್ ಬಂದದ್ದು, ಮಧ್ಯದಲ್ಲಿ 1927ರಿಂದ 1951ರ ತನಕ ಜಾಗದ ಹಕ್ಕಿನ ಕೇಸಿಗೆ ದುಡ್ಡು ಒಟ್ಟು ಮಾಡುದೇ ಅಪರಾಧ ಆಗಿತ್ತು, 1973ರಲ್ಲಿ ನಿಸ್ಗಾ ಮುಖಂಡ ಫ್ರಾಂಕ್ ಕಾಲ್ಡರ್ ಅವರ ಹೆಸರಿನ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಹೆಚ್ಚಿನ ನ್ಯಾಯಾಧೀಶರು ಮೂಲನಿವಾಸಿಗಳಿಗೆ ಭೂಮಿಯ ಹಕ್ಕು ಇತ್ತು ಅಂತ ಒಪ್ಪಿದ್ರು, ಕೇಸು ತಾಂತ್ರಿಕ ಕಾರಣಕ್ಕೆ ಗೆಲ್ಲಲಿಲ್ಲ ಅಷ್ಟೆ, ಕಡೆಗೆ 2000ದ ಮೇ 11ಕ್ಕೆ ಸರಕಾರಗಳೊಟ್ಟಿಗೆ ಮಾಡಿದ ಒಪ್ಪಂದ ಜಾರಿಗೆ ಬಂತು. ಈಗ ಅವರದ್ದೇ ಶಾಸನಸಭೆ ಉಂಟು, ವಿಲ್ಪ್ ಸಿಅಯೂಕ್ಲ್ ನಿಸ್ಗಾ ಅಂತ ಹೆಸರು. ‘ವಿಲ್ಪ್’ ಅಂದ್ರೆ ಮನೆ, ‘ಅಯೂಕ್’ ಅಂದ್ರೆ ಅವರ ಹಿಂದಿನಿಂದ ಬಂದ ಕಟ್ಟು, ನಡವಳಿಕೆ, ಕಾನೂನು ಎಲ್ಲ ಸೇರಿದ್ದು.

ಆ ಒಪ್ಪಂದದ 11ನೇ ಅಧ್ಯಾಯ ಓದಿದ್ರೆ ನಾನು ಹೇಳುವ ಎಳೆದಾಟ ಕಣ್ಣಿಗೆ ಕಾಣ್ತದೆ. ನಿಸ್ಗಾ ಸಂವಿಧಾನದಲ್ಲಿ ಏನೇನು ಇರ್ಬೇಕು ಅಂತ ಅಲ್ಲಿ ಒಂದು ಪಟ್ಟಿ ಉಂಟು. ಒಂದು ಕಡೆ, ಅಯೂಕ್‌ನ ಅರ್ಥ ಹೇಳಿ ದಾರಿ ತೋರಿಸ್ಲಿಕ್ಕೆ ಹಿರಿಯರಿಗೆ, ಸಿಮ್‌ಗಿಗಟ್ ಅಂದ್ರೆ ಮನೆಗಳ ಮುಖ್ಯಸ್ಥರಿಗೆ, ಸಿಗಿದಿಮ್‌ಹಾನಕ್ ಅಂದ್ರೆ ಮನೆಗಳ ಹಿರಿಯ ಹೆಂಗಸರಿಗೆ ಒಂದು ಸ್ಥಾನ ಇರ್ಬೇಕು ಅಂತ. ಅದೇ ಪಟ್ಟಿಯಲ್ಲಿ ಇನ್ನೊಂದು ಕಡೆ, ಹಿತಾಸಕ್ತಿ ಸಂಘರ್ಷದ ನಿಯಮಗಳು ಕೆನಡಾದಲ್ಲಿ ಅಷ್ಟೇ ದೊಡ್ಡ ಸರಕಾರಗಳಿಗೆ ಸಾಮಾನ್ಯವಾಗಿ ಇರುವಂಥ ನಿಯಮಗಳಿಗೆ ಸಮ ಇರ್ಬೇಕು ಅಂತ. ಎರಡೂ ಒಂದೇ ಕಾಗದದಲ್ಲಿ. ನೀತಿಸಂಹಿತೆ ಬರೆಯುವ ಜನ ದಿನಾ ಕೂತಿರುದು ಈ ಎರಡರ ಮಧ್ಯದಲ್ಲಿ, ಒಂದು ಕಣ್ಣು ಅಜ್ಜಿಯ ಮೇಲೆ, ಇನ್ನೊಂದು ಕಣ್ಣು ಬ್ಯಾಂಕಿನವರು, ಆಡಿಟರು, ಕೋರ್ಟು ಎಂತ ಹೇಳ್ತಾರೆ ಅನ್ನುದರ ಮೇಲೆ. ಸಮ ಅಂದ್ರೆ ನಕಲು ಅಲ್ಲ ಅಂತ ನಂಗೆ ಅರ್ಥ ಆಗ್ಲಿಕ್ಕೆ ಆ ‘ಮಾವ ಎಲ್ಲಿ’ ಪ್ರಶ್ನೆ ಬೇಕಾಯ್ತು.

ಉಡುಗೊರೆಯ ಕಲಮಿಗೆ ಬಂದಾಗ ಇದಕ್ಕಿಂತ ಜೋರಾಗಿ ಪೆಟ್ಟು ಬಿತ್ತು. ಟೆಂಪ್ಲೇಟಿನಲ್ಲಿ ಇಷ್ಟು ಡಾಲರಿಗಿಂತ ಮೇಲಿನ ಉಡುಗೊರೆ ತಕೊಳ್ಬಾರ್ದು ಅಂತ ಇತ್ತು, ಎಲ್ಲ ಕಡೆ ಇರುವಂಥದ್ದೇ. ಒಬ್ಬರು ಕೌನ್ಸಿಲರ್ ಎದ್ದು ನಿಂತು ಹೇಳಿದ್ರು, ‘ನಮ್ಮ ಅಜ್ಜನ ಕಾಲದಲ್ಲಿ ಉಡುಗೊರೆ ಕೊಟ್ಟದ್ದಕ್ಕೆ ಜೈಲಿಗೆ ಹಾಕಿದ್ರು, ಈಗ ನಾವೇ ನಮ್ಮನ್ನು ಹಾಕಿಕೊಳ್ಳುದಾ?’ ಈ ಕರಾವಳಿಯ ಜನರ ಪಾಟ್‌ಲ್ಯಾಚ್, ಅಂದ್ರೆ ದೊಡ್ಡ ಔತಣಕೂಟ, ಅದರಲ್ಲಿ ಹೆಸರು ಕೊಡುದು, ತೀರಿಹೋದವರ ಪಟ್ಟ ಮುಂದಿನವರಿಗೆ ದಾಟಿಸುದು, ಜಗಳ ತೀರಿಸುದು ಎಲ್ಲ ನಡಿತದೆ, ಕರೆದ ಮನೆಯವರು ಬಂದವರಿಗೆಲ್ಲ ದುಡ್ಡು, ಕಂಬಳಿ, ಊಟದ ಸಾಮಾನು ಹಂಚ್ತಾರೆ. ಬಂದವರು ಸಾಕ್ಷಿಗಳು. ತಕೊಂಡವನು ‘ನಾನು ನೋಡಿದ್ದೇನೆ, ನಾಳೆ ಯಾರಾದ್ರೂ ಕೇಳಿದ್ರೆ ಹೇಳ್ತೇನೆ’ ಅಂತ ಹೊಣೆ ಹೊತ್ತ ಹಾಗೆ. ಕೆನಡಾ ಸರಕಾರ ಇದನ್ನು 1885ರಿಂದ 1951ರ ತನಕ ನಿಷೇಧ ಮಾಡಿತ್ತು. 1921ರ ಡಿಸೆಂಬರಿನಲ್ಲಿ ವಿಲೇಜ್ ಐಲೆಂಡ್ ಅನ್ನುವ ದ್ವೀಪದಲ್ಲಿ ಕ್ವಾಕ್ವಕವಕ್ ಜನ ನಡೆಸಿದ ದೊಡ್ಡ ಪಾಟ್‌ಲ್ಯಾಚ್ ಆದಮೇಲೆ ಪೊಲೀಸರು ಹಿಡಿದು, ಮುಖವಾಡ, ತಾಮ್ರದ ಫಲಕಗಳನ್ನೆಲ್ಲ ಕಿತ್ತುಕೊಂಡು ಹೋದ್ರು, ಭಾಷಣ ಮಾಡಿದ್ದಕ್ಕೆ, ಕುಣಿದದ್ದಕ್ಕೆ, ಉಡುಗೊರೆ ಹಂಚಿದ್ದಕ್ಕೆ ಜನ ಜೈಲಿಗೆ ಹೋದ್ರು. ಆ ವಸ್ತುಗಳಲ್ಲಿ ಒಂದಷ್ಟು ವಾಪಸ್ ಬಂದು, ಅದನ್ನು ಇಡ್ಲಿಕ್ಕೆ ಅಲರ್ಟ್ ಬೇಯಲ್ಲಿ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ ತೆರೆಯುವಾಗ 1980 ಆಗಿತ್ತು.

ಆ ಹಿನ್ನೆಲೆಯಲ್ಲಿ ನನ್ನ ಡಾಲರ್ ಮಿತಿಯ ಕಲಮು ಹೇಗೆ ಕೇಳಿಸಿರ್ಬೇಕು ಅಂತ ಯೋಚನೆ ಮಾಡಿ. ಆದ್ರೆ ಉಡುಗೊರೆಯ ನಿಯಮವೇ ಬೇಡ ಅಂತ ಅಲ್ಲಿ ಯಾರೂ ಹೇಳ್ಲಿಲ್ಲ, ಇದು ನಂಗೆ ಬಹಳ ಮುಖ್ಯ ಅನ್ಸಿತು. ಗಣಿ ಕಂಪನಿಯವರು ಹಾಕಿ ಮ್ಯಾಚಿಗೆ ಕೌನ್ಸಿಲರನ್ನು ಕರೆದುಕೊಂಡು ಹೋಗುದು, ಹೊಟೇಲ್ ಬಿಲ್ ಕೊಡುದು ನಿಲ್ಲಲೇಬೇಕು ಅಂತ ಅವರೇ ಗಟ್ಟಿಯಾಗಿ ಹೇಳಿದ್ರು. ಎರಡರ ಮಧ್ಯೆ ವ್ಯತ್ಯಾಸ ಎಂತ ಅಂತ ಎರಡು ಮೀಟಿಂಗ್ ಮಾತಾಡಿದ್ರು. ಕಡೆಗೆ ಅವರು ಹಿಡಿದ ಗೆರೆ ಇಷ್ಟು: ಎಲ್ಲರ ಕಣ್ಣೆದುರು, ಹೆಸರು ಕೂಗಿ, ಯಾಕೆ ಕೊಡುದು ಅಂತ ಹೇಳಿ ಕೊಟ್ಟದ್ದು ಒಂದು ಜಾತಿ, ಬಾಗಿಲು ಹಾಕಿ ಕೊಟ್ಟದ್ದು ಇನ್ನೊಂದು ಜಾತಿ. ಮೊದಲನೆಯದಕ್ಕೆ ಡಾಲರ್ ಮಿತಿ ಇಲ್ಲ, ಎರಡನೆಯದಕ್ಕೆ ಹತ್ತು ಡಾಲರ್ ಆದ್ರೂ ಬರೆದು ಒಪ್ಪಿಸ್ಬೇಕು. ನಾನು ಇಷ್ಟು ವರ್ಷದಲ್ಲಿ ಓದಿದ ಯಾವ ಪಾಲಿಸಿಯಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿರ್ಲಿಲ್ಲ. ಊರಿನಲ್ಲಿ ಕೋಲ ಆಗುವಾಗ ದೈವ ಯಜಮಾನನ ಹೆಸರು ಕೂಗಿ ನಾಲ್ಕು ಜನರೆದುರು ಮಾತಾಡಿಸುದು, ಅವರು ಕೈಮುಗಿದು ನಿಂತು ಉತ್ತರ ಕೊಡುದು ನೆನಪಾಯ್ತು, ಚಿಕ್ಕವರಿರುವಾಗ ಅದು ನಮಗೆ ಹೆದರಿಕೆಯ ವಿಷಯ ಮಾತ್ರ ಆಗಿತ್ತು.

ನಿಯಮ ಬೇಡ, ನಮ್ಮಲ್ಲಿ ನಂಬಿಕೆ ಉಂಟು ಸಾಕು ಅಂತ ಹೇಳುವವರೂ ಇದ್ದಾರೆ. ಅವರಿಗೆ ನಾನು ಹೇಳುದು ಅಮೆರಿಕದ ನಾವಾಹೋ ನೇಶನಿನಲ್ಲಿ ನಡೆದದ್ದು. 1987ರಲ್ಲಿ ಅರಿಝೋನಾದ ಬಿಗ್ ಬೊಕಿಯಸ್ ಅನ್ನುವ ದೊಡ್ಡ ರ‍್ಯಾಂಚ್ ಮಾರಾಟಕ್ಕೆ ಬಂತು, ಮಧ್ಯವರ್ತಿಗಳು 26.2 ಮಿಲಿಯನ್ ಡಾಲರಿಗೆ ಕೊಂಡು, ಅದೇ ದಿನ ನಾವಾಹೋ ನೇಶನಿಗೆ 33.4 ಮಿಲಿಯನಿಗೆ ಮಾರಿದ್ರು. ಚೇರ್ಮನ್ ಆಗಿದ್ದವರು ಪೀಟರ್ ಮ್ಯಾಕ್‌ಡೊನಾಲ್ಡ್, ಎರಡನೇ ಮಹಾಯುದ್ಧದ ಕೋಡ್ ಟಾಕರ್ (ನಾವಾಹೋ ಮಾತಿನಲ್ಲಿ ಸೈನ್ಯದ ಗುಪ್ತ ಸಂದೇಶ ಕಳಿಸುವವರು), ಜನ ತುಂಬ ಪ್ರೀತಿಸಿದ ನಾಯಕ. ಆ ವ್ಯವಹಾರದಲ್ಲಿ ಲಂಚ ತಕೊಂಡ ಆರೋಪ ಬಂದು 1989ರಲ್ಲಿ ಕೌನ್ಸಿಲ್ ಅವರನ್ನು ಅಧಿಕಾರದಿಂದ ಬದಿಗಿಟ್ಟಿತು, ಅದೇ ಜುಲೈಯಲ್ಲಿ ಅವರ ರಾಜಧಾನಿ ವಿಂಡೋ ರಾಕ್‌ನಲ್ಲಿ ಗಲಭೆ ಆಗಿ ಇಬ್ಬರು ಸತ್ತರು, ಆಮೇಲೆ ನಾವಾಹೋ ಕೋರ್ಟಿನಲ್ಲೂ ಫೆಡರಲ್ ಕೋರ್ಟಿನಲ್ಲೂ ಅವರಿಗೆ ಶಿಕ್ಷೆ ಆಯ್ತು, 2001ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಶಿಕ್ಷೆ ಕಮ್ಮಿ ಮಾಡಿದ ಮೇಲೆ ಮನೆಗೆ ಬಂದ್ರು. 1989ರ ಡಿಸೆಂಬರಿನಲ್ಲೇ ನಾವಾಹೋ ಕೌನ್ಸಿಲ್ ಚೇರ್ಮನ್ ಪದವಿಯನ್ನೇ ತೆಗೆದು ಅಧ್ಯಕ್ಷ, ಸ್ಪೀಕರ್ ಅಂತ ಅಧಿಕಾರವನ್ನು ಒಡೆದು ಹಂಚಿತು.

ಆದ್ರೆ ನಂಗೆ ಎಲ್ಲಕ್ಕಿಂತ ದೊಡ್ಡದು ಅನ್ಸುದು ಆ ವರ್ಷ ನಾವಾಹೋ ಸುಪ್ರೀಂ ಕೋರ್ಟಿನ ಎದುರು ಬಂದ ಒಂದು ಪ್ರಶ್ನೆ. ಚೇರ್ಮನ್‌ಗೆ ಜನರ ದುಡ್ಡಿನ ಬಗ್ಗೆ ವಿಶ್ವಸ್ತನ ಹೊಣೆ, ಅಂದ್ರೆ ಅದನ್ನು ಜನರ ಒಳಿತಿಗೆ ಮಾತ್ರ ನೋಡಿಕೊಳ್ಳುವ ಹೊಣೆ, ಅಂತ ಒಂದು ಉಂಟಾ, ಇದ್ರೆ ಎಲ್ಲಿಂದ ಬಂತು? ಕೋರ್ಟ್ ಇಂಗ್ಲಿಷ್ ಕಾನೂನಿನ ಪುಸ್ತಕಕ್ಕೆ ಮಾತ್ರ ಹೋಗಿ ನಿಲ್ಲಲಿಲ್ಲ. ತಮ್ಮ ಮೂಲಕತೆಯ ಅವಳಿ ವೀರರ ಯುದ್ಧಗಳು ಮುಗಿದ ಮೇಲೆ ಜನ ‘ನಾತಾನಿ’ಗಳನ್ನು ಒಮ್ಮತದಿಂದ ಆರಿಸಿಕೊಂಡದ್ದು, ನಾತಾನಿ ಅಂದ್ರೆ ಬಲಾಢ್ಯ ರಾಜಕಾರಣಿ ಅಲ್ಲ, ಜನ ಬದುಕಿ ಉಳಿಲಿಕ್ಕೆ ಸಹಾಯ ಮಾಡುವ ಸಾಮರ್ಥ್ಯ ನೋಡಿ ಆರಿಸಿದವನು, ಅವನು ನಂಬಿಕೆ ಕಳಕೊಂಡ್ರೆ ಜನ ಅವನ ಹಿಂದೆ ಹೋಗುದನ್ನೇ ಬಿಡ್ತಿದ್ರು, ಮಾತು ಕೇಳುದನ್ನೂ ಬಿಡ್ತಿದ್ರು, ಹಾಗಾಗಿ ಈ ಹೊಣೆ ನಮ್ಮಲ್ಲಿ ಮೊದಲಿಂದಲೂ ಉಂಟು ಅಂತ ಬರೆಯಿತು. ತೀರ್ಪು ಓದುವಾಗ ರೋಮ ನಿಲ್ತದೆ. ತಮ್ಮದೇ ನಾಯಕನ ಮೇಲೆ, ತಮ್ಮದೇ ಕೋರ್ಟು, ತಮ್ಮದೇ ಮಾತಿನಲ್ಲಿ. ಅದನ್ನು ನಾನು ಮೀಟಿಂಗಿನಲ್ಲಿ ಪ್ರಿಂಟ್ ಮಾಡಿ ಕೊಟ್ಟೆ, ಟೆಂಪ್ಲೇಟಿನ ಬದಲಿಗೆ.

ಇನ್ನು ದೂರು ಕೊಡುವ ವಿಷಯ. ಐನೂರು ಜನರ ಊರಿನಲ್ಲಿ ಹೆಸರು ಮುಚ್ಚಿಟ್ಟು ದೂರು ಅಂತ ಒಂದು ಇಲ್ಲವೇ ಇಲ್ಲ, ಕೈಬರಹ ನೋಡಿದ್ರೇ ಗೊತ್ತಾಗ್ತದೆ. ಹಾಗಾಗಿ ದೂರನ್ನು ಮೊದಲು ಕೇಳುದು ಮೂರು ಜನ, ಅದರಲ್ಲಿ ಒಬ್ಬರು ಪಕ್ಕದ ನೇಶನಿನ ಹಿರಿಯರು ಅಂತ ಮಾಡಿದ್ರು. ದುಡ್ಡು ತಿಂದದ್ದಾದ್ರೆ ವಾಪಸ್ ಕಟ್ಬೇಕು, ಪದವಿ ಬಿಡ್ಬೇಕು, ಪೊಲೀಸಿಗೆ ಹೋಗುದನ್ನು ಯಾರೂ ತಡಿಲಿಕ್ಕಿಲ್ಲ. ಆದ್ರೆ ಬಾಯಿ ತಪ್ಪಿ ಮಾತಾಡಿದ್ದು, ಫೇಸ್‌ಬುಕ್ಕಿನಲ್ಲಿ ಒಬ್ಬರ ಮಾನ ಕಳೆದದ್ದು ಇಂಥದ್ದಕ್ಕೆ ಅವರಲ್ಲೇ ಹಳೆಯ ದಾರಿ ಉಂಟು, ತಪ್ಪು ಮಾಡಿದವರು ತಮ್ಮ ಖರ್ಚಿನಲ್ಲಿ ಔತಣ ಕರೆದು ಎಲ್ಲರೆದುರು ಒಪ್ಪಿಕೊಂಡು ನಾಚಿಕೆ ತೊಳೆಯುದು. ಅದನ್ನೂ ಬರೆದು ಸೇರಿಸಿದ್ರು. ಪೂರ್ವದ ಕಡೆಯ ಮೂಲನಿವಾಸಿಗಳಾದ ಹಾಡೆನೊಶೋನಿ ಜನರಲ್ಲಿ ಕುಲದ ತಾಯಂದಿರು ದಾರಿ ತಪ್ಪಿದ ಮುಖಂಡನಿಗೆ ಮೂರು ಸಲ ಎಚ್ಚರಿಕೆ ಕೊಟ್ಟು, ಆಮೇಲೂ ಕೇಳದಿದ್ರೆ ಪಟ್ಟದಿಂದ ಇಳಿಸ್ತಾರೆ, ಅದರ ಬಗ್ಗೆಯೂ ಮಾತು ಬಂತು, ಆದ್ರೆ ಅದು ಬೇರೆಯವರ ಕಟ್ಟು, ನಾವು ಎತ್ತಿಕೊಳ್ಳುದು ಬೇಡ ಅಂತ ಹಿರಿಯರು ಹೇಳಿದ್ರು. ಆ ಮಾತಿಗೆ ನಂಗೆ ಬಹಳ ಗೌರವ ಬಂತು.

ಒಂದು ಗಂಟು ಹಾಗೆಯೇ ಉಳಿದಿದೆ. ಈ ಸಂಹಿತೆ ಚುನಾಯಿತ ಕೌನ್ಸಿಲಿಗೆ ಮಾತ್ರ ತಾಗುದಾ, ವಂಶದಿಂದ ಪಟ್ಟಕ್ಕೆ ಬಂದ ಮುಖಂಡರಿಗೂ ತಾಗುದಾ? 2020ರಲ್ಲಿ ಅನಿಲ ಸಾಗಿಸುವ ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನ್ ವಿಷಯದಲ್ಲಿ ದಾರಿಯುದ್ದದ 20 ಚುನಾಯಿತ ಕೌನ್ಸಿಲುಗಳು ಅದಕ್ಕಿಂತ ಮೊದಲೇ ಕಂಪನಿಯೊಟ್ಟಿಗೆ ಸಹಿ ಹಾಕಿ ಆಗಿತ್ತು, ವೆಟ್‌ಸುವೆಟನ್ ಜನರ ವಂಶಪಾರಂಪರ್ಯದ ಮುಖಂಡರು ನಮ್ಮ ಜಾಗ, ನಮ್ಮನ್ನು ಕೇಳಿ ಅಂತ ನಿಂತರು, ಅವರ ಬೆಂಬಲಿಗರು ಹಳಿ ತಡೆದು ದೇಶದ ಹಲವು ಕಡೆ ರೈಲು ನಿಂತಿತು. ಅಂದಿನಿಂದ ಯಾರ ಸಹಿ ಯಾರ ಪರವಾಗಿ ಅನ್ನುವ ಪ್ರಶ್ನೆ ಇಲ್ಲಿಯ ಎಲ್ಲ ಊರಿನಲ್ಲೂ ಬಿಸಿ ಉಂಟು. ಪಟ್ಟದ ಮುಖಂಡರನ್ನು ನಿಯಂತ್ರಿಸುದು ಅವರ ಮನೆಯವರು, ಕಾಗದ ಅಲ್ಲ ಅಂತ ಒಂದು ಗುಂಪು, ಕಂಪನಿ ದುಡ್ಡು ಹಿಡಿದು ಬರುವಾಗ ಯಾರ ಬಾಗಿಲು ಅಂತ ನೋಡಿ ಬರುದಿಲ್ಲ ಅಂತ ಇನ್ನೊಂದು ಗುಂಪು. ಇದು ಈ ಚಳಿಗಾಲದ ಔತಣದಲ್ಲಿ ಮಾತಾಡ್ಲಿಕ್ಕೆ ಅಂತ ಇಟ್ಟಿದ್ದಾರೆ, ನಾನು ಅದರಲ್ಲಿ ಬಾಯಿ ಹಾಕ್ಲಿಕ್ಕಿಲ್ಲ.

ಕುಟುಂಬದ ಕಲಮು ಎಂತ ಆಯ್ತು ಅಂತ ಹೇಳ್ಲಿಲ್ಲ ಅಲ್ವಾ. ಅದನ್ನು ಅವರ ಭಾಷೆಯಲ್ಲೇ ಬರೆದ್ರು, ಮೂರು ಪದ, ಇಂಗ್ಲಿಷ್ ಡಾಕ್ಯುಮೆಂಟಿನ ನಡುವೆ ಹಾಗೆಯೇ. ವಕೀಲರು ಪಕ್ಕದಲ್ಲಿ ಅನುವಾದ ಹಾಕುವನಾ ಅಂತ ಕೇಳಿದ್ದಕ್ಕೆ ಆ ಮೊದಲಿನ ಹಿರಿಯರೇ ಹೇಳಿದ್ರು, ತೀರ್ಪು ಹೇಳ್ಲಿಕ್ಕೆ ಕೂರುವವರಿಗೆ ಆ ಪದ ಗೊತ್ತಿರ್ಬೇಕು, ಗೊತ್ತಿಲ್ಲದವರು ನಮ್ಮತ್ರ ಬಂದು ಕೇಳ್ಲಿ ಅಂತ. ಕೋರಂ ಸಮಸ್ಯೆಗೆ, ಅದೇ ‘ಮನೆ’ಯವರು ಮಾತ್ರ ಎದ್ದು ಹೋಗುದು, ಉಳಿದ ಸಂಬಂಧಗಳನ್ನು ಗಟ್ಟಿಯಾಗಿ ಹೇಳಿ ಕೂರುದು, ಮನೆ ಹಂಚುವ ಅಂಕಗಳನ್ನು ಮೊದಲೇ ಗೋಡೆಗೆ ಅಂಟಿಸುದು ಅಂತ ಮಾಡಿದ್ದಾರೆ. ನನ್ನ ಪಾಲಿಗೆ ಬಂದದ್ದು ಘೋಷಣೆಯ ಫಾರ್ಮ್ ತಿದ್ದುವ ಕೆಲಸ. ಮೊದಲ ಕಾಲಂನಲ್ಲಿ ‘ಹೆಸರು’ ಅಂತ ಇತ್ತು, ಈಗ ಮೊದಲು ‘ಯಾವ ಮನೆ’, ಅದಾದ ಮೇಲೆ ‘ಮನೆಯ ಹಿರಿಯರು ಯಾರು’, ಆಮೇಲೆ ಹೆಸರು. ಸೋಮವಾರ ಏಳು ಜನ ಕೌನ್ಸಿಲರುಗಳು ಸಮುದಾಯ ಭವನದಲ್ಲಿ ಊರಿನವರ ಎದುರು ಕೂತು ಅದನ್ನು ತುಂಬಿಸ್ಲಿಕ್ಕುಂಟು.